ಹೈಸ್ಕೂಲಿನ ಚರಿತ್ರೆಯಲ್ಲಿ ನಮ್ಮ ಊರು

ನಮ್ಮ ಮಕ್ಕಳು ಹೈಸ್ಕೂಲಿನ ಮೂರು ವರ್ಷಗಳಲ್ಲಿ ಸಾಮ್ರಾಜ್ಯಗಳ ವಿಷಯವಾಗಿ ಸಾಕಷ್ಟು ಓದುತ್ತಾರೆ. ಪ್ಲಾಸಿ ಕದನ, ಪಳಶ್ಶಿ ರಾಜ, ವೇಲುತಂಬಿ ದಳವಾಯಿ, ದಂಡಿಯ ಉಪ್ಪು, ಎಲ್ಲವನ್ನೂ ಬಾಯಿಪಾಠ ಹೇಳಬಲ್ಲರು. ಕೇರಳ ರಾಜ್ಯ ಹುಟ್ಟಿದ್ದು ಹೇಗೆಂದು ಕೇಳಿದರೆ ತಿರುವಿದಾಂಕೂರು, ಕೊಚ್ಚಿ, ಮಲಬಾರು ಎಂದು ಮೂರು ಬೆರಳು ಮಡಚುತ್ತಾರೆ. ನಾಲ್ಕನೆಯ ಬೆರಳಿಗೆ ಸೇರಬೇಕಾದ ಕಾಸರಗೋಡು ತಾಲೂಕು ಸಾಮಾನ್ಯವಾಗಿ ಆ ವಾಕ್ಯದ ಬಾಲದಲ್ಲಿ 'ಕೂಡ' ಎಂಬ ಪ್ರತ್ಯಯದೊಂದಿಗೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ತಾವು ಕೂತು ಪಾಠ ಕೇಳುವ ಬೆಂಚಿನ ಅಡಿಯ ನೆಲಕ್ಕೂ ಒಂದು ಚರಿತ್ರೆ ಇದೆಯೆಂಬುದು ಆ ಮಕ್ಕಳಿಗೆ ಹೊಳೆಯುವ ಸಂದರ್ಭ ಕಡಿಮೆ.

ಇದರಲ್ಲಿ ಅಧ್ಯಾಪಕರ ತಪ್ಪನ್ನು ಹುಡುಕಲು ನಾನು ಹೊರಟಿಲ್ಲ. ತಿರುವನಂತಪುರದಲ್ಲಿ ತಯಾರಾದ ಪಾಠ ಇಡೀ ರಾಜ್ಯಕ್ಕೆ ಒಂದೇ. ಅದು ಕನ್ನಡಕ್ಕೆ ಅನುವಾದವಾಗಿ ನಮ್ಮಲ್ಲಿಗೆ ಬರುವಾಗ ಭಾಷೆ ಬದಲಾಗಿರುತ್ತದೆ, ನೋಡುವ ಕಣ್ಣು ಬದಲಾಗಿರುವುದಿಲ್ಲ. ಆದರೆ ಸಾಮ್ರಾಜ್ಯ, ವಲಸೆ, 'ನಾವು ಎಲ್ಲಿಯವರು' ಎಂಬ ಪ್ರಶ್ನೆ, ಈ ಮೂರನ್ನೂ ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಒಟ್ಟಿಗೆ ಕಲಿಸಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಪಾಠಪುಸ್ತಕ ಸಿಗಲಿಕ್ಕಿಲ್ಲ. ಅದನ್ನು ಯಾಕೆ ತೆರೆಯುವುದಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ನೆರೆಮನೆಯ ಒಬ್ಬಳು ಹುಡುಗಿ, ಒಂಬತ್ತನೆಯ ತರಗತಿಯವಳು, ಒಮ್ಮೆ ನನ್ನನ್ನು ಕೇಳಿದಳು: "ಮಾಮ, ನಾವು ಕೇರಳಕ್ಕೆ ಬಂದದ್ದು ಯಾವಾಗ?" ಇದಕ್ಕೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. "ನಾವು ಕೇರಳಕ್ಕೆ ಬಂದದ್ದಲ್ಲ, ಕೇರಳವೇ ನಮ್ಮಲ್ಲಿಗೆ ಬಂದದ್ದು." ಭಾಷಣಕ್ಕೆ ಇದು ಚೆನ್ನಾಗಿದೆ, ಚಪ್ಪಾಳೆಯೂ ಬೀಳುತ್ತದೆ. 1956ರ ನವೆಂಬರ್ 1ರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಮಗುವಿನ ಪ್ರಶ್ನೆಗೆ ಅದು ಅರ್ಧ ಉತ್ತರ. ಯಾಕೆಂದರೆ ಈ ಮಣ್ಣಿಗೆ ಬಾರದೆ ಇಲ್ಲಿಯೇ ಮೊಳೆತವರು ನಮ್ಮಲ್ಲಿ ಬಹಳ ಮಂದಿ ಇಲ್ಲ.

ಹೊಸದುರ್ಗದ ಹೆಸರನ್ನೇ ನೋಡಿ. ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ನಾಯಕರು ಕರಾವಳಿಯುದ್ದಕ್ಕೂ ಕೋಟೆಗಳ ಸಾಲನ್ನೇ ಕಟ್ಟಿದರು. ಚಂದ್ರಗಿರಿ, ಬೇಕಲದ ಕೋಟೆಗಳನ್ನು ಶಿವಪ್ಪ ನಾಯಕನ ಹೆಸರಿನೊಂದಿಗೆ ಹೇಳುತ್ತಾರೆ. ಕಾಞಂಗಾಡಿನಲ್ಲಿ ಕಟ್ಟಿದ ಹೊಸ ಕೋಟೆಗೆ ಅವರ ಜನ ಹೊಸದುರ್ಗ ಎಂದರು. ಮಲಯಾಳದಲ್ಲಿ ಅದೇ ಜಾಗ 'ಪುದಿಯಕೋಟ್ಟ' ಆಯಿತು. ಪುದಿಯ ಎಂದರೂ ಹೊಸ, ಕೋಟ್ಟ ಎಂದರೂ ಕೋಟೆ. ಇಂದಿಗೂ ತಾಲೂಕಿನ ಹೆಸರು ಕನ್ನಡದ್ದು, ಪೇಟೆಯ ಹೆಸರು ಮಲಯಾಳದ್ದು, ಅರ್ಥ ಒಂದೇ. ಕೋಟೆಯ ಕಾವಲಿಗೆ ಬಂದ ಸೈನಿಕರ ಮನೆತನಗಳು ಇಂದಿಗೂ ಬೇಕಲ, ಹೊಸದುರ್ಗಗಳ ಸುತ್ತ ಇವೆ. ಅವರು ಬಂದದ್ದು ಒಂದು ಸಾಮ್ರಾಜ್ಯದ ಬೆನ್ನಿಗೆ ಎಂಬುದನ್ನು ನಾವು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಸಾಮ್ರಾಜ್ಯವೆಂದರೆ ಇಂಗ್ಲಿಷರದು ಮಾತ್ರ, ನಮ್ಮದಾದರೆ ಅದು 'ವೈಭವ' ಎಂದು ಕಲಿಸುವ ಒಂದು ಕ್ರಮವಿದೆ. ನನಗೆ ಅದು ಸರಿ ಕಾಣುವುದಿಲ್ಲ. ಅಂದು ಇಲ್ಲಿಯ ಗದ್ದೆಯಲ್ಲಿ ಬೇಸಾಯ ಮಾಡುತ್ತಿದ್ದವನಿಗೆ ಬಿದನೂರಿನಿಂದ ಬಂದ ತೆರಿಗೆಯೂ ತೆರಿಗೆಯೇ, ಶ್ರೀರಂಗಪಟ್ಟಣದಿಂದ ಬಂದದ್ದೂ ತೆರಿಗೆಯೇ.

ಆಮೇಲಿನ ಕಥೆ ಬೇಗ ಹೇಳಬಹುದು. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದ; ಈ ಕರಾವಳಿ ಮೈಸೂರಿನ ಕೈಗೆ ಹೋಯಿತು. 1799ರಲ್ಲಿ ಟಿಪ್ಪು ಬಿದ್ದಾಗ ಕೆನರಾ ಕಂಪೆನಿಯ ಪಾಲಾಯಿತು. ಇಲ್ಲಿ ಮಕ್ಕಳು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಮಲಬಾರು ಕಂಪೆನಿಗೆ ಸಿಕ್ಕಿದ್ದು ಅದಕ್ಕೂ ಏಳು ವರ್ಷ ಮೊದಲು, 1792ರ ಒಪ್ಪಂದದಲ್ಲಿ. ಹೀಗೆ ನಮ್ಮದು ಬೇರೆ ಜಿಲ್ಲೆ, ಬೇರೆ ಕಲೆಕ್ಟರು, ಬೇರೆ ಭೂಮಿ ಲೆಕ್ಕ. ಕೆನರಾದ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಮಳೆಗೆ ಬೇಸತ್ತು ವರ್ಗ ಬೇಡಿದವನು. 1800ರಲ್ಲಿ ಅವನಿಗೆ ಸಿಕ್ಕಿದ ಹೊಸ ಜಾಗ ಬಳ್ಳಾರಿ, ಆದವಾನಿ, ರಾಯದುರ್ಗಗಳ ಸೀಮೆ. ಗಡಿಯಾಚೆ ಉಳಿದ ಕನ್ನಡಿಗರ ಎರಡು ತುಂಡು ನೆಲಗಳು ಒಬ್ಬನೇ ಅಧಿಕಾರಿಯ ಕೈಯಲ್ಲಿ ಒಂದರ ನಂತರ ಒಂದಾಗಿ ಅಳತೆಗೊಳಗಾದದ್ದು ವಿಚಿತ್ರವಾದರೂ ನಿಜ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕೆನರಾ ಮದ್ರಾಸಿನಲ್ಲಿಯೇ ಉಳಿಯಿತು. ಮಂಜೇಶ್ವರದಿಂದ ತೃಕ್ಕರಿಪುರದ ತನಕದ ನಮ್ಮ ತಾಲೂಕು ಅದರ ತೆಂಕಣ ತುದಿ.

ಹಾಗಾದರೆ ಗಡಿ ಎಲ್ಲಿ? ಕೇಳುವವರು ಯಾರೆಂಬುದರ ಮೇಲೆ ಇದರ ಉತ್ತರ ನಿಂತಿದೆ. 1801ರಲ್ಲಿ ಈ ದಾರಿಯಾಗಿ ಹೋದ ಬುಕಾನನ್ ಚಂದ್ರಗಿರಿ ಹೊಳೆಯೇ ಮಲಯಾಳದ ಬಡಗಣ ಎಲ್ಲೆ ಎಂದು ಬರೆದುಕೊಂಡ. ನಾಯರ್ ಸ್ತ್ರೀಯರು ಆ ಹೊಳೆಯನ್ನು ದಾಟಿ ಬಡಗಕ್ಕೆ ಬರಬಾರದೆಂಬ ಕಟ್ಟಳೆ ಹಿಂದೆ ಇತ್ತೆಂದು ಹಳೆಯ ಜಿಲ್ಲಾ ಕೈಪಿಡಿಗಳೂ ಹೇಳುತ್ತವೆ. ಆದರೆ ಸರಕಾರದ ಜಿಲ್ಲಾ ಗಡಿ ಅಲ್ಲಿಂದ ಎಷ್ಟೋ ಮೈಲು ತೆಂಕಕ್ಕೆ, ತೃಕ್ಕರಿಪುರದ ಆಚೆ ಇತ್ತು. ನೀಲೇಶ್ವರದ ಮನುಷ್ಯ ಮಲಯಾಳ ಮಾತಾಡಿ ಮಂಗಳೂರಿನ ಕೋರ್ಟಿಗೆ ಹೋಗುತ್ತಿದ್ದ. ಜನ ನೆನಪಿಟ್ಟ ಗಡಿಯೂ ಕಚೇರಿ ಎಳೆದ ಗಡಿಯೂ ಬೇರೆ ಬೇರೆ ಎಂಬುದನ್ನು ಒಂದು ನಕ್ಷೆ ಬರೆಸಿ ಅರ್ಧ ಗಂಟೆಯಲ್ಲಿ ಕಲಿಸಬಹುದು. ಆಫ್ರಿಕಾದ ನಕ್ಷೆಯನ್ನು ಯುರೋಪಿನವರು ಹೇಗೆ ಹಂಚಿಕೊಂಡರೆಂದು ಕಲಿಯುವ ಮಗುವಿಗೆ ಇದು ಕಷ್ಟದ ಪಾಠವಲ್ಲ.

ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಬಹಳ ವರ್ಷ ಕೂತವನು. ಕೃಷಿ ಸಾಲಕ್ಕೆ ಬಂದವರ ದಾಖಲೆಪತ್ರಗಳ ಕಟ್ಟು ಬಿಚ್ಚುವುದೇ ನನ್ನ ಕೆಲಸ. ಚರಿತ್ರೆಯ ಬಗ್ಗೆ ನನಗಿರುವ ಅಲ್ಪ ಆಸಕ್ತಿ ಕಾಲೇಜಿನಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚು ಈ ಮೇಜಿನ ಮೇಲೆ ಹುಟ್ಟಿತು. ಹಳೆಯ ಮನೆತನದ ಒಂದು ಕಟ್ಟು ತೆಗೆದುಕೊಳ್ಳಿ. ತೀರಾ ಅಡಿಯಲ್ಲಿ ಮದ್ರಾಸು ಸರಕಾರದ ಛಾಪಾ ಕಾಗದ, ಮೂಲೆಯಲ್ಲಿ ಇಂಗ್ಲೆಂಡಿನ ದೊರೆಯ ತಲೆ, ಅದರ ಕೆಳಗೆ ಮೋಡಿಯಂತೆ ಬಳುಕುವ ಕನ್ನಡ ಕೈಬರಹ. 'ಮೂಲಗೇಣಿ', 'ಚಾಲಗೇಣಿ', 'ವರ್ಗ', 'ಕುಮ್ಕಿ' ಎಂಬ ಶಬ್ದಗಳು. ಗೇಣಿಯ ಲೆಕ್ಕ ಅಕ್ಕಿಯ ಮುಡಿಯಲ್ಲಿ. ಬರೆಸಿದವನ ಮನೆಮಾತು ತುಳುವೋ ಮರಾಠಿಯೋ ಕೊಂಕಣಿಯೋ ಇರಬಹುದು, ಕೆಲವೊಮ್ಮೆ ಮಲಯಾಳವೂ ಹೌದು. ಪತ್ರ ಮಾತ್ರ ಕನ್ನಡ. ಅದರ ಮೇಲೆ ಸ್ವಾತಂತ್ರ್ಯದ ನಂತರದ್ದೊಂದು ಪಾಲುಪಟ್ಟಿ. ಆಮೇಲೆ ಲಿಪಿ ಬದಲಾಗುತ್ತದೆ. ಅದೇ ಸರ್ವೆ ನಂಬ್ರ, ಅದೇ ತೋಡು, ಅದೇ ಗಡಿಕಲ್ಲು, ಆದರೆ ದಸ್ತಾವೇಜಿನ ಬದಲು 'ಆಧಾರಂ'. ಅದರ ಮೇಲೆ ಭೂಸುಧಾರಣೆಯ ಕಾಲದ ಪಟ್ಟಯಂ. 1970ರ ಜನವರಿ 1ರಿಂದ ಗೇಣಿ ಪದ್ಧತಿ ಹೋಯಿತಲ್ಲ, ಅದರ ಫಲ. ಒಂದು ತಲೆಮಾರಿನ ತನಕ ಅಕ್ಕಿ ಅಳೆದು ಕೊಡುತ್ತಿದ್ದವನ ಹೆಸರು ಈಗ ಮಾಲೀಕನ ಜಾಗದಲ್ಲಿ. ಎಲ್ಲಕ್ಕಿಂತ ಮೇಲೆ ದುಬೈಯಲ್ಲಿರುವ ಮಗ ಅಲ್ಲಿಯ ಭಾರತೀಯ ಕಚೇರಿಯಲ್ಲಿ ಸಹಿ ಮಾಡಿ ಕಳಿಸಿದ ಮುಖ್ತ್ಯಾರುನಾಮೆ.

ಈ ಒಂದು ಕಟ್ಟಿನಲ್ಲಿ ಸಾಮ್ರಾಜ್ಯವಿದೆ, ರಾಜ್ಯ ವಿಂಗಡಣೆಯಿದೆ, ಜಮೀನ್ದಾರಿಕೆ ಮುಗಿದ ಕಥೆಯಿದೆ, ವಲಸೆಯಿದೆ. ಖಾಸಗಿ ವಿವರಗಳನ್ನು ಮುಚ್ಚಿ ಅಜ್ಜನ ಕಾಲದ ಒಂದೊಂದು ಹಳೆಯ ಕಾಗದವನ್ನು ಮಕ್ಕಳೇ ಮನೆಯಿಂದ ತಂದರೆ ಅಧ್ಯಾಪಕರಿಗೆ ಬೇರೆ ಉಪಕರಣ ಬೇಡ. ಒಂದು ತೊಂದರೆಯಿದೆ. ಅಡಿಯ ಕಾಗದವನ್ನು ಓದಬಲ್ಲ ಮಗು ಮೇಲಿನದನ್ನು ಓದಲಾರದು, ಮೇಲಿನದನ್ನು ಓದುವ ಮಗುವಿಗೆ ಅಡಿಯದು ಬಾರದು. ಕನ್ನಡ ಮಾಧ್ಯಮದ ಮತ್ತು ಮಲಯಾಳ ಮಾಧ್ಯಮದ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿದರೆ ಮಾತ್ರ ಕಟ್ಟು ಪೂರ್ತಿ ಬಿಚ್ಚೀತು. ಎರಡೂ ವಿಭಾಗಗಳು ಒಂದೇ ಕಟ್ಟಡದಲ್ಲಿರುವ ಶಾಲೆಗಳು ನಮ್ಮಲ್ಲಿ ಎಷ್ಟೋ ಇವೆ. ಮಕ್ಕಳು ಸೇರುವುದು ಆಟದ ಬಯಲಿನಲ್ಲಿ ಮಾತ್ರ.

ಇನ್ನು ಲೆಕ್ಕದ ವಿಷಯ. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಾಗ 1951ರ ಜನಗಣತಿಯನ್ನು ಮುಂದಿಟ್ಟುಕೊಂಡಿತು. ಇಡೀ ತಾಲೂಕನ್ನು ಒಂದು ಘಟಕವಾಗಿ ಹಿಡಿದರೆ ಮಲಯಾಳ ಮಾತಾಡುವವರು ನೂರಕ್ಕೆ ಸುಮಾರು ಎಪ್ಪತ್ತು. ಹಾಗಾಗಿ ತಾಲೂಕು ಕೇರಳಕ್ಕೆ. ಮುಂದೆ 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ತಾಲೂಕನ್ನು ಒಡೆದು ನೋಡಿತು. ಚಂದ್ರಗಿರಿಯಿಂದ ಬಡಗಿನ ಭಾಗ ಮೈಸೂರಿಗೆ ಸೇರಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಗೆರೆಯನ್ನು ಎಲ್ಲಿ ಎಳೆದು ಮೊತ್ತ ಹಾಕುತ್ತೇವೆ ಎಂಬುದರ ಮೇಲೆ ಮೊತ್ತ ನಿಂತಿರುತ್ತದೆಂಬುದು ಲೆಡ್ಜರು ಬರೆದವರಿಗೆಲ್ಲ ಗೊತ್ತು. ಜೊತೆಗೆ ಇನ್ನೊಂದು ಪ್ರಶ್ನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಯಕ್ಷಗಾನದಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವವನ ಭಾಷೆ ಯಾವುದು? ಗಣತಿಯವನ ಫಾರ್ಮಿನಲ್ಲಿ ಅದಕ್ಕೆ ಒಂದೇ ಅಂಕಣ. ಕನ್ನಡದ ಪರವಾಗಿ ಹೋರಾಡಿದವರು ತುಳುವರ, ಕೊಂಕಣಿಯರ, ಮರಾಠಿಗರ ಬರಹದ ಭಾಷೆ ಕನ್ನಡವೆಂದು ವಾದಿಸಿದರು. ಆಚೆಯವರು ಮನೆಮಾತಿನ ಲೆಕ್ಕ ಹಿಡಿದರು. ಎರಡು ವಾದಗಳನ್ನೂ ತರಗತಿಯಲ್ಲಿ ಎರಡು ಗುಂಪು ಮಾಡಿ ಆಡಿಸಬೇಕು. ಬೇಕಿದ್ದರೆ ಕನ್ನಡದ ಮಕ್ಕಳಿಗೆ ಮಲಯಾಳದ ವಾದವನ್ನೂ ಮಲಯಾಳದ ಮಕ್ಕಳಿಗೆ ಕನ್ನಡದ ವಾದವನ್ನೂ ಕೊಟ್ಟು.

1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆರಿಸಿ ಹೋದದ್ದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಕೇರಳದ ಮೊದಲ ವಿಧಾನಸಭೆಗೆ ಎದುರಾಳಿಯಿಲ್ಲದೆ ಹೋದವರು ಅವರು. ಪೆರಡಾಲದ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಳ್ಳುವ ತನಕ ವಿಲೀನದ ಆಸೆಯನ್ನು ಬಿಟ್ಟಿರಲಿಲ್ಲ. ಈ ಆಸೆ ಕೈಗೂಡಬೇಕೋ ಬೇಡವೋ ಎಂಬುದು ರಾಜಕೀಯ. ಅಂಥದ್ದೊಂದು ಆಸೆ ಇತ್ತು, ಅದಕ್ಕಾಗಿ ಮರ್ಯಾದಸ್ಥರಾದ ಮೇಷ್ಟ್ರುಗಳೂ ವಕೀಲರೂ ಬಾಳು ಸವೆಸಿದರು ಎಂಬುದು ಚರಿತ್ರೆ. ಮೊದಲನೆಯದಕ್ಕೆ ಹೆದರಿ ಎರಡನೆಯದನ್ನೂ ಶಾಲೆಯಲ್ಲಿ ಹೇಳದಿರುವುದು ಅನ್ಯಾಯ.

ವಲಸೆಯ ಪಾಠದಲ್ಲಿ ನಮ್ಮದಲ್ಲದ ಅಧ್ಯಾಯಗಳೂ ಬರಬೇಕು. ಪೋರ್ಚುಗೀಸರ ಗೋವೆಯಿಂದ ತೆಂಕಕ್ಕೆ ಸರಿದ ಕೊಂಕಣಿಗರಲ್ಲಿ ಗೌಡ ಸಾರಸ್ವತರೂ ಇದ್ದರು, ಕಥೊಲಿಕರೂ ಇದ್ದರು. ಒಂದೇ ಸಾಮ್ರಾಜ್ಯದ ಕಾರಣದಿಂದ ಎರಡು ಧರ್ಮದವರು ಒಂದೇ ಭಾಷೆ ಹೊತ್ತು ಬಂದರು. ಉಪ್ಪಳದಲ್ಲಿ ಉರ್ದು ಆಡುವವರಿದ್ದಾರೆ, ಮಂಜೇಶ್ವರದ ಕಡೆ ಬ್ಯಾರಿಗಳಿದ್ದಾರೆ, ಗುಡ್ಡೆಯ ಬದಿಯಲ್ಲಿ ಮರಾಟಿ ನಾಯ್ಕರಿದ್ದಾರೆ. ಕುಂಬಳೆಯ ರೇವಿನಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬಾರ್ಬೊಸಾ ಬರೆದಿಟ್ಟಿದ್ದಾನೆ. ಈಗ ಆ ಕುಂಬಳೆಯಲ್ಲಿ ರೈಲಿಳಿಯುವ ಮಗುವಿಗೆ ಅದು ಕಟ್ಟುಕಥೆ ಅನ್ನಿಸಬಹುದು. ಪೂರ್ವದ ಮಲೆಗಳಲ್ಲಿ ರಾಜಪುರದಂತಹ ಊರುಗಳಿವೆ. 1943ರಲ್ಲಿ ಕೋಟ್ಟಯಂ ಕಡೆಯ ಕ್ರೈಸ್ತ ರೈತರು ಬಂದು ಕಾಡು ಕಡಿದು ನೆಲೆಸಿದ ಜಾಗ ಅದು. ಮಲೇರಿಯಕ್ಕೂ ಕಾಡುಹಂದಿಗೂ ಎದೆಗೊಟ್ಟವರ ಕಥೆಯೆಂದು ಮಲಯಾಳದಲ್ಲಿ ಇಂಥ 'ಕುಡಿಯೇಟ'ದ ಬಗ್ಗೆ ಬೇಕಾದಷ್ಟು ಬರಹವಿದೆ. ಕನ್ನಡದಲ್ಲಿ ನಾವು ಅವರನ್ನು 'ತೆಂಕಿನವರು' ಎಂದಷ್ಟೇ ಹೇಳಿ ಮುಗಿಸುತ್ತೇವೆ. ಮುಂಬಯಿಯ ಹೋಟೆಲುಗಳಿಗೆ ಹೋದ ನಮ್ಮ ಹುಡುಗರನ್ನು ಅಲ್ಲಿಯವರು ಒಂದು ಕಾಲಕ್ಕೆ ಹೀಗೆಯೇ ದಿಕ್ಕಿನ ಹೆಸರು ಹಿಡಿದು ಕರೆದರಲ್ಲವೇ?

ಈ ಬಗೆಯ ಪಾಠದ ಅಗತ್ಯ ನಮ್ಮದು ಮಾತ್ರವಲ್ಲ. ಇಂಗ್ಲೆಂಡಿನಲ್ಲಿಯೇ ಈ ಚರ್ಚೆ ಜೋರಾಗಿ ನಡೆದಿದೆ. 1948ರ ಜೂನ್ 22ರಂದು 'ವಿಂಡ್‌ರಶ್' ಎಂಬ ಹಡಗು ಜಮೈಕ ಮೊದಲಾದ ದ್ವೀಪಗಳ ಜನರನ್ನು ಲಂಡನ್ ಬಳಿಯ ಟಿಲ್‌ಬರಿಗೆ ತಂದಿಳಿಸಿತು. ಸಾಮ್ರಾಜ್ಯದ ಪ್ರಜೆಗಳಾದ ಅವರಿಗೆ ಅಲ್ಲಿ ನೆಲೆಸುವ ಹಕ್ಕಿತ್ತು. ಪ್ರತ್ಯೇಕ ಕಾಗದ ಯಾರೂ ಕೊಡಲಿಲ್ಲ, ಇವರೂ ಕೇಳಲಿಲ್ಲ. ಹೀಗೆ ಆ ಕಾಲದಲ್ಲಿ ಬಂದವರ ಮತ್ತು ಅವರ ಮಕ್ಕಳ ಬಳಿ ಅರುವತ್ತು ವರ್ಷಗಳಾದ ಮೇಲೆ ಸರಕಾರ ಕಾಗದ ಕೇಳತೊಡಗಿತು. ಬಂದಿಳಿದಾಗ ತುಂಬಿದ ಚೀಟಿಗಳನ್ನು 2010ರಲ್ಲಿ ಇಲಾಖೆಯೇ ನಾಶ ಮಾಡಿತ್ತು. ಕೆಲಸ ಹೋದವರು, ಚಿಕಿತ್ಸೆ ಸಿಗದವರು, ಗಡೀಪಾರಾದವರೂ ಇದ್ದರು. 2018ರಲ್ಲಿ ಇದು ದೊಡ್ಡ ಹಗರಣವಾಯಿತು. 2020ರಲ್ಲಿ ತನಿಖಾ ವರದಿ ಕೊಟ್ಟ ವೆಂಡಿ ವಿಲಿಯಮ್ಸ್, ಇಲಾಖೆಯ ನೌಕರರಿಗೆ ದೇಶದ ಸಾಮ್ರಾಜ್ಯದ ಮತ್ತು ವಲಸೆಯ ಚರಿತ್ರೆಯನ್ನು ಕಲಿಸಬೇಕೆಂದು ಶಿಫಾರಸು ಮಾಡಿದರು. ಶಾಲೆಯಲ್ಲಿ ಕಲಿಯದ್ದನ್ನು ಕಚೇರಿಯಲ್ಲಿ ಕಲಿಸುವ ಪ್ರಮೇಯ. ಅಲ್ಲಿಯ ಕೆಲವು ಪರೀಕ್ಷಾ ಮಂಡಳಿಗಳು 2016ರಿಂದ ಹೈಸ್ಕೂಲಿಗೆ ವಲಸೆಯ ಚರಿತ್ರೆಯ ಪಾಠ ಇಟ್ಟಿವೆಯಾದರೂ ಅದು ಬೇಕಾದವರು ಆರಿಸಿಕೊಳ್ಳುವಂಥದ್ದು.

ನಮ್ಮ ಕಷ್ಟ ಅಷ್ಟು ದೊಡ್ಡದಲ್ಲ. ಯಾರೂ ನಮ್ಮನ್ನು ಗಡೀಪಾರು ಮಾಡಿಲ್ಲ. ಆದರೆ ಕಾಗದದ ಮುಂದೆ ಚರಿತ್ರೆ ಮರೆತುಹೋಗುವ ಬಗೆ ಒಂದೇ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸಲು ಅವಕಾಶ ಕೊಟ್ಟಿದೆ. ಆದರೂ ಕೌಂಟರಿನಲ್ಲಿ ಕನ್ನಡದ ಅರ್ಜಿ ಹಿಡಿದು ನಿಂತ ಮುದುಕನನ್ನು 'ಇಷ್ಟು ವರ್ಷ ಕೇರಳದಲ್ಲಿದ್ದೂ ಮಲಯಾಳ ಕಲಿಯಲಿಲ್ಲವೇ' ಎಂದು ತೆಂಕಿನಿಂದ ಹೊಸದಾಗಿ ಬಂದ ಗುಮಾಸ್ತ ಕೇಳುವುದನ್ನು ನಾನು ಹಲವು ಕಚೇರಿಗಳಲ್ಲಿ ನೋಡಿದ್ದೇನೆ. ಕೆಟ್ಟ ಮನಸ್ಸಿನಿಂದ ಕೇಳುವುದಲ್ಲ. ಅವನ ಹತ್ತನೆಯ ತರಗತಿಯ ಪುಸ್ತಕ ಅವನಿಗೆ ಈ ಮುದುಕನ ಬಗ್ಗೆ ಏನೂ ಹೇಳಿರಲಿಲ್ಲ. ಆದ್ದರಿಂದ ಈ ಪಾಠ ಕಾಸರಗೋಡಿನ ಮಕ್ಕಳಿಗಿಂತ ಹೆಚ್ಚಾಗಿ ಕೊಲ್ಲಂ, ಪಾಲಕ್ಕಾಡಿನ ಮಕ್ಕಳಿಗೆ ಬೇಕು.

ಸಂವಿಧಾನದ 350ಎ ವಿಧಿ 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗಲೇ ಸೇರಿದ್ದು. ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಬೇಕೆಂದು ಅದು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಹೈಸ್ಕೂಲಿಗೆ ಬಂದ ಮೇಲೆ ಮಗು ಸರಕಾರದ ಆದೇಶಗಳ ಕೃಪೆಯಲ್ಲಿದೆ. 2017ರಲ್ಲಿ ಹತ್ತನೆಯ ತರಗತಿಯ ತನಕ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯಿದೆ ಬಂದಾಗ ನಮ್ಮಲ್ಲಿ ಎದ್ದ ಆತಂಕ ಇದರಿಂದಲೇ. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ಬಾರದವರು ನೇಮಕವಾಗಿ ಬಂದು ಹೆತ್ತವರು ಶಾಲೆಯ ಮುಂದೆ ಧರಣಿ ಕೂತ ಘಟನೆಗಳೂ ನಡೆದಿವೆ. ನನ್ನ ಮಟ್ಟಿಗೆ ಹೇಳುವುದಾದರೆ ಮಲಯಾಳ ಕಲಿಯುವುದರಿಂದ ನಮ್ಮ ಮಕ್ಕಳಿಗೆ ನಷ್ಟವಿಲ್ಲ, ಲಾಭವೇ ಇದೆ. ಆದರೆ ಗಣಿತ, ಚರಿತ್ರೆಗಳನ್ನು ತಿಳಿಯದ ಭಾಷೆಯಲ್ಲಿ ಕೇಳಿಸಿಕೊಂಡು ಕೂರುವುದು ಕಲಿಯುವುದಲ್ಲ.

ಈ ವಾರ್ಷಿಕದ ಎರಡು ಭಾಷೆಗಳ ಓದುಗರಿಗೂ ಪರಿಚಯವಿರುವ ಒಂದು ಉದಾಹರಣೆ ಹೇಳುತ್ತೇನೆ. 1941ರ ಮಾರ್ಚಿನಲ್ಲಿ ಕಯ್ಯೂರಿನ ರೈತರ ಮೆರವಣಿಗೆಯೊಂದರ ಎದುರು ಸಿಕ್ಕ ಪೋಲಿಸನೊಬ್ಬ ಹೊಳೆಗೆ ಹಾರಿ ಸತ್ತ. ಆ ಊರು ಆಗ ದಕ್ಷಿಣ ಕನ್ನಡ ಜಿಲ್ಲೆಯದು, ಹಾಗಾಗಿ ವಿಚಾರಣೆ ಮಂಗಳೂರಿನಲ್ಲಿ. 1943ರ ಮಾರ್ಚ್ 29ರಂದು ನಾಲ್ವರು ರೈತ ತರುಣರಿಗೆ ಗಲ್ಲು ಕಣ್ಣಾನೂರಿನ ಜೈಲಿನಲ್ಲಿ. ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದ್ದ ನಿರಂಜನರು ಈ ಕಥೆಯನ್ನು 1955ರಲ್ಲಿ 'ಚಿರಸ್ಮರಣೆ' ಎಂಬ ಕಾದಂಬರಿಯಾಗಿ ಬರೆದರು, ಕನ್ನಡದಲ್ಲಿ. ಅದು ಮಲಯಾಳಕ್ಕೆ ಹೋಗಿ ಅಲ್ಲಿ ತಮ್ಮದೇ ಪುಸ್ತಕವೆಂಬಂತೆ ಓದಿಸಿಕೊಂಡಿತು. ಸತ್ತವರು ಮಲಯಾಳಿಗರು, ಬರೆದವರು ಕನ್ನಡಿಗರು, ಕೋರ್ಟು ಮಂಗಳೂರಿನದು, ಕಾನೂನು ಇಂಗ್ಲಿಷರದು. ಕಯ್ಯೂರಿನ ಹುಡುಗನಿಗೆ ಆ ಕೋರ್ಟು ಮಂಗಳೂರಿನಲ್ಲಿ ಯಾಕಿತ್ತೆಂದು ಗೊತ್ತಿಲ್ಲ. ಮಂಜೇಶ್ವರದ ಹುಡುಗಿಗೆ ಕಯ್ಯೂರು ಎಲ್ಲಿದೆಯೆಂದು ಗೊತ್ತಿಲ್ಲ. ಇಬ್ಬರೂ ಈಗ ಒಂದೇ ಜಿಲ್ಲೆಯವರು, 1984ರ ಮೇ 24ರಿಂದ. ಬೆಳಿಗ್ಗೆ ಹೊರಟ ಶಾಲಾ ಬಸ್ಸು ಬೇಕಲ, ಹೊಸದುರ್ಗ, ಕಯ್ಯೂರು ನೋಡಿಕೊಂಡು ಸಂಜೆಗೆ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಗೆ ಮುಟ್ಟಬಹುದು. ಮಧ್ಯಾಹ್ನದ ಊಟಕ್ಕೆ ನೀಲೇಶ್ವರದಲ್ಲಿ ನಿಲ್ಲಿಸಿದರಾಯಿತು.